ಗೆಲ್ಲುವ ಹಾಡಿನ ಭವಿಷ್ಯವಾಣಿ: ಗಂಧರ್ವದತ್ತೆಯ ವೀಣೆಯಿಂದ ಯೂರೋವಿಷನ್‌ವರೆಗೆ

ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ದೊರೆತ ರಾಷ್ಟ್ರಕೂಟರ ತಾಮ್ರಶಾಸನವು ಶಾಸನ ವಿದ್ಯಾರ್ಥಿಗಳಿಗೆ ಪರಿಚಿತವಾದುದು. ಮೂರನೆಯ ಗೋವಿಂದನ ಹೆಸರಿನಲ್ಲಿರುವ ಈ ಶಾಸನ ಶಕವರ್ಷ 735ನ್ನು, ಅಂದರೆ ಕ್ರಿ.ಶ. 812-13ನ್ನು ಹೇಳುತ್ತದೆ. ಅದರ ಪ್ರಾಮಾಣಿಕತೆಯ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ನಡೆದಿರುವುದುಂಟು. ಆದರೆ ಅದು ಹೇಳುವ ಕಥೆ ಸ್ವಾರಸ್ಯವಾಗಿದೆ. ಕುನುಂಗಿಲ್ ದೇಶವನ್ನು ಆಳುತ್ತಿದ್ದ ವಿಮಲಾದಿತ್ಯನಿಗೆ ಶನಿಯ ಪೀಡೆ ತಗುಲಿತ್ತು. ಅರ್ಕಕೀರ್ತಿ ಎಂಬ ಜೈನಮುನಿ ಅದನ್ನು ಪರಿಹರಿಸಿದರು. ಗಂಗಮಂಡಲದ ಚಾಕಿರಾಜನ ವಿಜ್ಞಾಪನೆಯಂತೆ ಜಿನಾಲಯಕ್ಕಾಗಿ ಆ ಮುನಿಗೆ ಜಾಲಮಂಗಲವೆಂಬ ಗ್ರಾಮ ದತ್ತಿಯಾಯಿತು. ಕುನುಂಗಿಲ್ ಎಂದರೆ ಇಂದಿನ ಕುಣಿಗಲ್. ಹೀಗೆ ಗುಬ್ಬಿ ಮತ್ತು ಕುಣಿಗಲ್ ಎರಡನ್ನೂ ಬೆಸೆಯುವ ಹಳೆಯ ದಾಖಲೆಯೊಂದು ಗ್ರಹಗತಿ ಮತ್ತು ಮುಂದೇನಾಗುವುದೆಂಬ ಆತಂಕವನ್ನು ಕುರಿತದ್ದಾಗಿದೆ.

ಆ ಆತಂಕ ಈ ಎರಡು ತಾಲ್ಲೂಕುಗಳಲ್ಲಿ ಇಂದಿಗೂ ವರ್ಷಕ್ಕೊಮ್ಮೆ ಮರುಕಳಿಸುತ್ತದೆ, ಬೇರೆಯ ವೇಷದಲ್ಲಿ. ಶಾಲಾಶಿಕ್ಷಣ ಇಲಾಖೆಯ ಪ್ರತಿಭಾ ಕಾರಂಜಿ ಕ್ಲಸ್ಟರ್ ಹಂತದಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ರಾಜ್ಯಕ್ಕೆ ಏರುವ ಮೆಟ್ಟಿಲು. ತುಮಕೂರು ಕಂದಾಯ ಜಿಲ್ಲೆಯಲ್ಲಿ ಶೈಕ್ಷಣಿಕ ಜಿಲ್ಲೆಗಳು ಎರಡು. ಗುಬ್ಬಿ, ಕುಣಿಗಲ್, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳು ತುಮಕೂರಿನೊಡನೆ ಒಂದು ಗುಂಪು. ಶಿರಾ, ಕೊರಟಗೆರೆ, ಪಾವಗಡಗಳು ಮಧುಗಿರಿಯೊಡನೆ ಇನ್ನೊಂದು. ಭಾವಗೀತೆ, ಜಾನಪದಗೀತೆಗಳ ಸರದಿ ಬಂದಾಗ ಶಿಕ್ಷಕರ ಕೊಠಡಿಗಳಲ್ಲಿ ನಡೆಯುವ ಚರ್ಚೆ ಯಾವ ಮಗು ಚೆನ್ನಾಗಿ ಹಾಡುತ್ತದೆ ಎಂಬುದಕ್ಕೆ ನಿಲ್ಲುವುದಿಲ್ಲ. ತೀರ್ಪುಗಾರರು ಯಾರು, ಅವರು ಶಾಸ್ತ್ರೀಯ ಸಂಗೀತದವರೋ ಸುಗಮ ಸಂಗೀತದವರೋ, ಕಳೆದ ವರ್ಷ ಯಾವ ಹಾಡು ಮೇಲೇರಿತು, ಚೀಟಿಯಲ್ಲಿ ಎಷ್ಟನೆಯ ಸಂಖ್ಯೆ ಬರಬಹುದು ಎಂಬಲ್ಲಿಗೆ ಅದು ಹರಿಯುತ್ತದೆ. ಮೊದಲ ಚೀಟಿ ಬಂದರೆ ಮುಖಗಳು ಬಾಡುತ್ತವೆ. ವಿಮಲಾದಿತ್ಯನ ಶನಿ ಈಗ ಆ ಚೀಟಿಯೊಳಗೆ ಕುಳಿತಿದ್ದಾನೆ ಎನ್ನಬೇಕು.

ಇದನ್ನು ಹಳ್ಳಿಗಾಡಿನ ಮುಗ್ಧತೆಯೆಂದು ನಗುವಂತಿಲ್ಲ. ಇದೇ ಲೆಕ್ಕಾಚಾರ ಪ್ರತಿವರ್ಷ ಮೇ ತಿಂಗಳಿನಲ್ಲಿ ಇಡೀ ಯೂರೋಪನ್ನು ಆವರಿಸುತ್ತದೆ. 1956ರಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೊದಲ್ಲಿ ಏಳು ದೇಶಗಳೊಡನೆ ಆರಂಭವಾದ ಯೂರೋವಿಷನ್ ಹಾಡಿನ ಸ್ಪರ್ಧೆ ಬೆಳೆದು, 2004ರಲ್ಲಿ ಉಪಾಂತ್ಯ ಸುತ್ತನ್ನೂ 2008ರಲ್ಲಿ ಎರಡು ಉಪಾಂತ್ಯಗಳನ್ನೂ ಕಂಡಿತು. ಪ್ರತಿ ಉಪಾಂತ್ಯದಿಂದ ಹತ್ತು ದೇಶಗಳು ಅಂತಿಮ ಸುತ್ತಿಗೆ ಹೋಗುತ್ತವೆ. ಯಾವ ಹತ್ತು ಎಂಬುದನ್ನು ಮುಂಚಿತವಾಗಿ ಹೇಳುವುದೇ ಒಂದು ದೊಡ್ಡ ವಿನೋದ. ಪಣ ಕಟ್ಟಿಸಿಕೊಳ್ಳುವ ಸಂಸ್ಥೆಗಳಿಗೆ ಅದೊಂದು ವ್ಯಾಪಾರ. ಆದರೆ ಈ ಭವಿಷ್ಯಜ್ಞಾನದ ಬೆಲೆಯನ್ನು ಸ್ವಲ್ಪ ಗಣಿಸಿ ನೋಡಬೇಕು. 2025ರ ಮೊದಲ ಉಪಾಂತ್ಯದಲ್ಲಿ ಹದಿನೈದು ದೇಶಗಳಿದ್ದವು. ಒಂದೂ ಹಾಡು ಕೇಳದೆ ಕಣ್ಣುಮುಚ್ಚಿ ಹತ್ತು ಹೆಸರು ಬರೆದವನಿಗೂ ಸರಾಸರಿ ಆರೇಳು ಹೆಸರು ಸರಿಯಾಗಿಯೇ ಇರುತ್ತವೆ. ಹತ್ತರಲ್ಲಿ ಎಂಟನ್ನು ಸರಿಯಾಗಿ ಹೇಳಿದೆನೆಂದು ಬೀಗುವವನ ನಿಜವಾದ ಜ್ಞಾನ ಒಂದೆರಡು ದೇಶಗಳಷ್ಟು ಮಾತ್ರ. ಆರು ತಾಲ್ಲೂಕುಗಳಿಂದ ಒಬ್ಬ ಹುಡುಗಿಯನ್ನು ಊಹಿಸಬೇಕಾದ ಗುಬ್ಬಿಯ ಶಿಕ್ಷಕರದೇ ಹೆಚ್ಚು ಕಠಿಣವಾದ ಕಾರ್ಯ.

ಆ ಒಂದೆರಡು ದೇಶಗಳ ಜ್ಞಾನವಾದರೂ ಎಲ್ಲಿಂದ ಬರುತ್ತದೆ? ಹಾಡಿನಿಂದ ಬರುವುದು ಕಡಿಮೆ. ಗ್ರೀಸ್ ಮತ್ತು ಸೈಪ್ರಸ್‌ಗಳ ಪರಸ್ಪರ ಔದಾರ್ಯ ಆ ಸ್ಪರ್ಧೆಯಲ್ಲಿ ಗಾದೆಯಷ್ಟು ಪ್ರಸಿದ್ಧ. ಇಂತಹ ಕೂಟಗಳನ್ನು ಗಾಡ್ ಯಾಯಿರ್ ಎಂಬ ಇಸ್ರೇಲಿ ಸಮಾಜಶಾಸ್ತ್ರಜ್ಞ 1995ರಷ್ಟು ಹಿಂದೆಯೇ ಅಂಕಗಳ ಜಾಲವಾಗಿ ವಿಶ್ಲೇಷಿಸಿದ್ದುಂಟು. ಉಪಾಂತ್ಯಗಳು ಬಂದಂದಿನಿಂದ 2025ರವರೆಗೆ ಅವುಗಳಲ್ಲಿ ಹಾಡಿದ ಯಾವ ವರ್ಷವೂ ಉಕ್ರೇನ್ ಸೋತು ಹೊರಬಿದ್ದಿಲ್ಲ. ಆದ್ದರಿಂದ ಅದರ ಹೆಸರು ಬರೆಯಲು ಕಿವಿ ಬೇಕಾಗಿಲ್ಲ. ಹಾಡುವ ಕ್ರಮವೂ ಒಂದು ಆಧಾರ. ಆ ಕ್ರಮವನ್ನು ಚೀಟಿ ಎತ್ತುವುದರ ಬದಲು ಕಾರ್ಯಕ್ರಮದ ನಿರ್ಮಾಪಕರೇ ನಿರ್ಧರಿಸುವ ಪದ್ಧತಿ 2013ರಲ್ಲಿ ಬಂದಿತು. ಇದು ಯಾರಿಗೆ ಅನುಕೂಲವೆಂಬ ವಾದ ಇನ್ನೂ ಮುಗಿದಿಲ್ಲ.

ಚೀಟಿಯ ಭಯಕ್ಕೆ ಶಾಸ್ತ್ರೀಯ ಆಧಾರವೂ ಇದೆ. ಬೆಲ್ಜಿಯಮ್ಮಿನಲ್ಲಿ ನಡೆಯುವ ರಾಣಿ ಎಲಿಜಬೆತ್ ಸಂಗೀತ ಸ್ಪರ್ಧೆ ಜಗತ್ತಿನ ಅತ್ಯಂತ ಕಠಿಣ ಪಿಯಾನೊ ಸ್ಪರ್ಧೆಗಳಲ್ಲಿ ಒಂದು. ಅಲ್ಲಿ ನುಡಿಸುವ ಕ್ರಮ ಚೀಟಿಯಿಂದ ನಿರ್ಧಾರವಾಗುತ್ತದೆ. ವಿಕ್ಟರ್ ಗಿನ್ಸ್‌ಬರ್ಗ್ ಮತ್ತು ಯಾನ್ ಫಾನ್ ಔರ್ಸ್ ಎಂಬ ಅರ್ಥಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆ ಕ್ರಮಕ್ಕೂ ತೀರ್ಪಿಗೂ ಸಂಬಂಧವಿರುವುದು ಕಂಡುಬಂದಿತು. ಮೊದಲು ನುಡಿಸಿದವರಿಗೆ ಹಾನಿ, ತಡವಾಗಿ ನುಡಿಸಿದವರಿಗೆ ಲಾಭ. ಅದಕ್ಕಿಂತ ಗಂಭೀರವಾದುದು ಅವರ ಎರಡನೆಯ ಮಾತು: ಮೇಲಿನ ಸ್ಥಾನ ಪಡೆದವರು, ಆ ಸ್ಥಾನ ಹೇಗೆ ಬಂದಿದ್ದರೂ, ಮುಂದೆ ವೃತ್ತಿಯಲ್ಲಿ ಹೆಚ್ಚು ಯಶಸ್ವಿಯಾಗಿದ್ದರು. ತೀರ್ಪು ಒಮ್ಮೆ ಹೊರಬಿದ್ದ ಮೇಲೆ ತನ್ನನ್ನು ತಾನೇ ನಿಜಗೊಳಿಸಿಕೊಳ್ಳುತ್ತದೆ. ಬ್ರಸೆಲ್ಸ್‌ನ ಪ್ರೌಢ ಪಿಯಾನೊವಾದಕರ ಗತಿಯೇ ಹೀಗಾದರೆ, ಕ್ಲಸ್ಟರ್ ಹಂತದಲ್ಲಿ ಮೊದಲ ಚೀಟಿ ಎತ್ತಿ ಸೋತ ಮಗು ಮುಂದಿನ ವರ್ಷ ಬಾಯಿ ತೆರೆಯುವುದೇ ಇಲ್ಲ ಎಂಬುದರಲ್ಲಿ ಆಶ್ಚರ್ಯವೇನು?

ಈ ಸಂದರ್ಭದಲ್ಲಿ ಜೈನ ಕಥಾಸಾಹಿತ್ಯದ ಪ್ರಸಿದ್ಧ ಸಂಗೀತ ಸ್ಪರ್ಧೆಯೊಂದನ್ನು ನೆನೆಯುವುದು ಕೇವಲ ಪಾಂಡಿತ್ಯದ ಮಾತಲ್ಲ. ಜೀವಂಧರನ ಕಥೆ ವಾದೀಭಸಿಂಹನ ಸಂಸ್ಕೃತ ಕೃತಿಗಳಾದ ಕ್ಷತ್ರಚೂಡಾಮಣಿ ಮತ್ತು ಗದ್ಯಚಿಂತಾಮಣಿಗಳಲ್ಲಿಯೂ, ತಿರುತ್ತಕ್ಕದೇವರ ತಮಿಳು ಜೀವಕಚಿಂತಾಮಣಿಯಲ್ಲಿಯೂ ಹರಡಿಕೊಂಡಿದೆ. ಕನ್ನಡದಲ್ಲಿ ಭಾಸ್ಕರನು 1424ರಲ್ಲಿ ಷಟ್ಪದಿಯಲ್ಲಿಯೂ ತೆರಕಣಾಂಬಿಯ ಬೊಮ್ಮರಸನು ಸಾಂಗತ್ಯದಲ್ಲಿಯೂ ಅದನ್ನು ಹಾಡಿದ್ದಾರೆ. ವಿದ್ಯಾಧರ ರಾಜ ಗರುಡವೇಗನ ಮಗಳು ಗಂಧರ್ವದತ್ತೆ ವೀಣೆಯಲ್ಲಿ ಅಸಮಾನಳು. ದೈವಜ್ಞರು ಆಕೆಯ ವಿಷಯದಲ್ಲಿ ನುಡಿದ ಭವಿಷ್ಯವೊಂದಿದೆ: ರಾಜಪುರಿಯಲ್ಲಿ ವೀಣೆಯಲ್ಲಿ ಗೆದ್ದವನಿಗೆ ಈಕೆ ಮಡದಿಯಾಗುವಳು. ಅದಕ್ಕಾಗಿಯೇ ಶ್ರೀದತ್ತನೆಂಬ ವರ್ತಕನು ಆಕೆಯನ್ನು ರಾಜಪುರಿಗೆ ಕರೆತಂದು ವೀಣಾಸ್ವಯಂವರವನ್ನು ಸಾರಿಸುತ್ತಾನೆ. ನೆರೆದ ರಾಜಕುಮಾರರೆಲ್ಲ ಸೋಲುತ್ತಾರೆ. ವರ್ತಕನ ಮನೆಯಲ್ಲಿ ಬೆಳೆದ ಜೀವಂಧರ ಗೆಲ್ಲುತ್ತಾನೆ.

ಇಲ್ಲಿನ ಭವಿಷ್ಯವಾಣಿಯ ಸ್ವರೂಪವನ್ನು ಸೂಕ್ಷ್ಮವಾಗಿ ಗಮನಿಸಬೇಕು. ದೈವಜ್ಞರು ಗೆಲ್ಲುವವನ ಹೆಸರು ಹೇಳಲಿಲ್ಲ. ಊರನ್ನು ಹೇಳಿದರು, ಒರೆಗಲ್ಲನ್ನು ಹೇಳಿದರು. ಯಾವುದರಿಂದ ಗೆಲುವು ಎಂಬುದು ಸ್ಪಷ್ಟ, ಯಾರ ಗೆಲುವು ಎಂಬುದು ತೆರೆದ ವಿಷಯ. ನಮ್ಮ ಕಾಲದ ಭವಿಷ್ಯಕಾರರದು ಇದರ ತಿರುಗುಮುರುಗು. ಅವರು ಹೆಸರನ್ನು ಖಚಿತವಾಗಿ ಹೇಳುತ್ತಾರೆ. ಯಾವ ಗುಣದಿಂದ ಎಂದು ಕೇಳಿದರೆ ನೆರೆಹೊರೆ, ಸರದಿ, ಹಳೆಯ ದಾಖಲೆ ಎಂದು ಹಾಡಿನಿಂದ ಹೊರಗಿನ ಕಾರಣಗಳನ್ನೇ ತೋರಿಸುತ್ತಾರೆ.

ಇನ್ನೊಂದು ಅಂಶ. ಆ ಸಭೆಯಲ್ಲಿ ತೀರ್ಪು ನೀಡುವವಳು ಸ್ವತಃ ವೀಣೆ ಹಿಡಿದು ಕುಳಿತ ಕಲಾವಿದೆ. ತಪ್ಪು ತೀರ್ಪಿತ್ತರೆ ಹೋಗುವುದು ಅವಳ ಬದುಕು. ಹೆಣ್ಣನ್ನು ಪಣಕ್ಕಿಡುವ ಆ ಕಥನವನ್ನು ಇಂದಿನ ವಿದ್ಯಾರ್ಥಿನಿಯರು ಪ್ರಶ್ನಿಸುವುದು ನ್ಯಾಯವೇ. ಆದರೂ ತೀರ್ಪುಗಾರನಿಗೆ ತನ್ನ ತೀರ್ಪಿನಿಂದ ಏನಾದರೂ ಆಗಬೇಕು ಎಂಬ ತತ್ತ್ವ ಅದರಲ್ಲಿದೆ. ತಾಲ್ಲೂಕು ಹಂತದ ವೇದಿಕೆಯ ಮುಂದೆ ಅಂಕಪಟ್ಟಿ ಹಿಡಿದು ಕುಳಿತವರಿಗೆ ಅಂತಹ ಯಾವ ಭಾರವೂ ಇಲ್ಲ. ಅಂಕ ಬರೆದು, ಚಹಾ ಕುಡಿದು, ಗೌರವಧನ ಪಡೆದು ಹೊರಟರೆ ಮುಗಿಯಿತು. ಕಾರಣ ಕೇಳುವವರಿಲ್ಲ.

ಪುನ್ನಾಟ ಸಂಘದ ಜಿನಸೇನನು ಶಕ 705ರಲ್ಲಿ (ಕ್ರಿ.ಶ. 783) ಮುಗಿಸಿದ ಹರಿವಂಶಪುರಾಣದಲ್ಲಿ ಗಂಧರ್ವದತ್ತೆಯೆಂಬ ಹೆಸರಿನ ಇನ್ನೊಬ್ಬಳಿದ್ದಾಳೆ. ಈಕೆ ಚಂಪಾನಗರದ ಚಾರುದತ್ತನ ಮನೆಯವಳು. ಇಲ್ಲಿ ಗೆಲ್ಲುವವನು ವಸುದೇವ. ಆದರೆ ಅವನು ತನ್ನ ಗುರುತು ಮರೆಸಿ, ಏನೂ ತಿಳಿಯದವನಂತೆ ಸಂಗೀತ ಗುರುವಿನ ಬಳಿ ಶಿಷ್ಯನಾಗಿ ಸೇರಿ, ಎಲ್ಲರ ನಗೆಗೆ ಈಡಾದವನು. ಸಭೆಯಲ್ಲಿ ಕೊಟ್ಟ ವೀಣೆಗಳ ದೋಷಗಳನ್ನು ಒಂದೊಂದಾಗಿ ಎತ್ತಿ ತೋರಿಸಿ ನಿರಾಕರಿಸಿದ ಮೇಲೆಯೇ ಅವನು ನುಡಿಸಲು ತೊಡಗುವುದು. ಕಥೆಗಾರರು ಗೆಲ್ಲುವವನನ್ನು ಮೊದಲು ನಗೆಪಾಟಲು ಮಾಡುವುದರಲ್ಲಿ ಒಂದು ಅರಿವಿದೆ: ಸಭೆಯ ಊಹೆ ಸುಳ್ಳಾಗದಿದ್ದರೆ ಸ್ಪರ್ಧೆಗೆ ಕಥೆಯೇ ಇಲ್ಲ.

ಆದರೆ ಊಹೆ ಸುಳ್ಳಾದುದನ್ನು ಸಹಿಸುವ ಸಭೆಗಳು ಅಪರೂಪ. ಜೀವಂಧರನು ಗೆದ್ದೊಡನೆ ಕಾಷ್ಠಾಂಗಾರನು ಸೋತ ಅರಸರನ್ನು ಅವನ ಮೇಲೆ ಯುದ್ಧಕ್ಕೆ ಎತ್ತಿಕಟ್ಟುತ್ತಾನೆ. ವರ್ತಕನ ಮಗ ಹೇಗೆ ಗೆದ್ದಾನು ಎಂಬುದೇ ಅವರ ಕುದಿ. ದೇವಚಂದ್ರನು 19ನೆಯ ಶತಮಾನದಲ್ಲಿ ರಚಿಸಿದ ರಾಜಾವಳೀಕಥೆಯಲ್ಲಿ ರತ್ನಾಕರವರ್ಣಿಯ ವಿಷಯವಾಗಿ ಬರುವ ಐತಿಹ್ಯವನ್ನೂ ಇಲ್ಲಿಯೇ ನೆನೆಯಬಹುದು. ಭರತೇಶ ವೈಭವವನ್ನು ಆನೆಯ ಮೇಲೆ ಮೆರವಣಿಗೆ ಮಾಡಿಸಬೇಕೆಂದು ಕವಿ ಬಯಸಿದನು. ಶಾಸ್ತ್ರಕ್ಕೆ ವಿರುದ್ಧವಾದ ಪದ್ಯಗಳು ಅದರಲ್ಲಿವೆ ಎಂದು ಭಟ್ಟಾರಕರು ಒಪ್ಪಲಿಲ್ಲ. ಕವಿ ಮುನಿದು ಮತವನ್ನೇ ತೊರೆದನು. ಐತಿಹ್ಯದ ಚಾರಿತ್ರಿಕತೆ ಏನೇ ಇರಲಿ, ಸುಮಾರು 10,000 ಸಾಂಗತ್ಯ ಪದ್ಯಗಳ ಕಾವ್ಯವೊಂದು ತನ್ನ ಊರಿನ ತೀರ್ಪುಗಾರರ ಮುಂದೆ ಅನರ್ಹವಾಯಿತೆಂದು ಅದು ಹೇಳುತ್ತದೆ. ಆನೆ ಸಿಗಲಿಲ್ಲ, ಶ್ರಾವಕಿಯರ ಕಂಠ ಸಿಕ್ಕಿತು. ಜೈನ ಮನೆಗಳಲ್ಲಿ ಆ ಕಾವ್ಯ ಓದುವ ಗ್ರಂಥವಾಗುವ ಮೊದಲು ಹಾಡುವ ಹಾಡಾಗಿತ್ತು.

ಹಾಗೆಂದು ತೀರ್ಪುಗಾರರನ್ನು ಕಿತ್ತುಹಾಕಿ ಎಲ್ಲವನ್ನೂ ಜನರ ಕೈಗೆ ಒಪ್ಪಿಸಿದರೆ ಸರಿಹೋಗುವುದೆ? ಕವಿರಾಜಮಾರ್ಗದ ಕರ್ತೃ ಕನ್ನಡ ನಾಡಿನವರನ್ನು ಕುರಿತು, ವಿಧಿವತ್ತಾಗಿ ಓದದೆಯೂ ಕಾವ್ಯಪ್ರಯೋಗದಲ್ಲಿ ಪರಿಣತರೆಂದು ಹೊಗಳಿದ್ದನ್ನು ಎಲ್ಲರೂ ಉದಾಹರಿಸುತ್ತಾರೆ. ಆದರೆ ಅದೇ ಗ್ರಂಥ ಪುಟಪುಟಕ್ಕೂ ದೋಷಗಳನ್ನು ವಿಂಗಡಿಸಿ, ಇದು ಏಕೆ ಸಲ್ಲದು ಎಂದು ಕಾರಣ ಕೊಡುತ್ತದೆ ಎಂಬುದನ್ನು ಉದಾಹರಿಸುವವರು ಕಡಿಮೆ. ಜನರ ಕಿವಿಯ ಮೇಲಿನ ವಿಶ್ವಾಸ ಮತ್ತು ಕಾರಣ ಕೊಡುವ ಶಿಸ್ತು ಅಲ್ಲಿ ಒಟ್ಟಿಗೆ ಇವೆ. ಯೂರೋವಿಷನ್ನಿನವರು ಈ ಎರಡರ ನಡುವೆ ಇನ್ನೂ ಓಲಾಡುತ್ತಿದ್ದಾರೆ. 2023ರಲ್ಲಿ ಉಪಾಂತ್ಯದ ಆಯ್ಕೆಯಿಂದ ತೀರ್ಪುಗಾರರನ್ನು ಕೈಬಿಟ್ಟು ವೀಕ್ಷಕರ ಮತಕ್ಕೆ ಬಿಟ್ಟರು. ಕೆಲವೇ ವರ್ಷಗಳಲ್ಲಿ ಮರಳಿ ಕರೆಯುವ ತೀರ್ಮಾನಕ್ಕೆ ಬಂದರು.

ಜನರ ಮತದ ಪಾಠವನ್ನು ಯೂರೋಪಿಗೆ ಹೇಳಿಕೊಡಬಲ್ಲ ಊರು ಗುಬ್ಬಿ. 1884ರಲ್ಲಿ ಅಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಸಂಘ ಗುಬ್ಬಿ ವೀರಣ್ಣನವರ ಕೈಯಲ್ಲಿ ನಾಡಿನಾದ್ಯಂತ ಮೆರೆಯಿತು. ಕಂಪನಿ ನಾಟಕಗಳ ಕಾಲದಲ್ಲಿ ಪ್ರೇಕ್ಷಕರ ಕೈಯಲ್ಲಿದ್ದ ಮತಪತ್ರವೆಂದರೆ 'ಒನ್ಸ್ ಮೋರ್'. ಹಾಡು ಮೆಚ್ಚಿಗೆಯಾದರೆ ಕಥೆ ಎಲ್ಲಿಗೆ ಬಂದಿದ್ದರೂ ನಿಲ್ಲಬೇಕು. ಸತ್ತು ಬಿದ್ದ ಪಾತ್ರವೂ ಎದ್ದು ಮತ್ತೊಮ್ಮೆ ಹಾಡಬೇಕು. ವಿಮರ್ಶಕರು ಇದನ್ನು ಅಭಿರುಚಿಹೀನತೆಯೆಂದು ಹೀಗಳೆದರು. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಒನ್ಸ್ ಮೋರ್ ಎಂದವನು ಇನ್ನೊಬ್ಬ ನಟನ ಹಾಡನ್ನು ಹೊರಗೆ ಹಾಕಲಿಲ್ಲ. ಮೆಚ್ಚಿದ್ದನ್ನು ಇನ್ನೊಮ್ಮೆ ಕೇಳಿದ, ಅಷ್ಟೆ. ಅದು ಉಳಿಸುವ ಮತವೇ ಹೊರತು ಅಳಿಸುವ ಮತವಲ್ಲ.

ಕನ್ನಡ ನಾಡು ಹಾಡೊಂದರ ಅರ್ಹತೆಯನ್ನು ಕುರಿತು ದೀರ್ಘಕಾಲ ಕಾದಾಡಿದ ಉದಾಹರಣೆ ನಾಡಗೀತೆಯದು. ಕುವೆಂಪು ಅವರ ಗೀತೆಯನ್ನು ಸರ್ಕಾರ 2004ರಲ್ಲಿ ನಾಡಗೀತೆಯೆಂದು ಘೋಷಿಸಿತು. ಧಾಟಿ ಯಾವುದು, ಮೈಸೂರು ಅನಂತಸ್ವಾಮಿಯವರದೋ ಸಿ. ಅಶ್ವತ್ಥ್ ಅವರದೋ ಎಂಬುದು ತೀರ್ಮಾನವಾಗಲು 2022 ಬರಬೇಕಾಯಿತು. ಎಚ್.ಆರ್. ಲೀಲಾವತಿಯವರ ನೇತೃತ್ವದ ಸಮಿತಿಯ ಶಿಫಾರಸಿನಂತೆ ಅನಂತಸ್ವಾಮಿಯವರ ಧಾಟಿ ಅಂಗೀಕಾರವಾಯಿತು. ಹಾಡುವ ಅವಧಿ 2 ನಿಮಿಷ 30 ಸೆಕೆಂಡುಗಳೆಂದು ಗೊತ್ತಾಯಿತು. ಆ ಹದಿನೆಂಟು ವರ್ಷ ಯಾವ ಧಾಟಿ ಗೆಲ್ಲುವುದೆಂದು ಭವಿಷ್ಯ ನುಡಿದವರು ಗಾಯಕರ ಅಭಿಮಾನಿ ಬಳಗಗಳನ್ನು ಎಣಿಸುತ್ತಿದ್ದರು. ಗಡಿಯಾರವನ್ನು ಎಣಿಸಿದ್ದವರು ಹೆಚ್ಚಿಲ್ಲ. ಯೂರೋವಿಷನ್ನಿನ ಹಾಡಿಗೂ ಮೂರು ನಿಮಿಷದ ಮಿತಿಯುಂಟು. ಕಾಲಮಿತಿಯೂ ಒಬ್ಬ ತೀರ್ಪುಗಾರನೇ. ಅವನು ಮೊದಲೇ ಬಂದು ಕುಳಿತಿರುತ್ತಾನೆ, ಅಂಕಪಟ್ಟಿಯಲ್ಲಿ ಸಹಿ ಹಾಕುವುದಿಲ್ಲ ಮಾತ್ರ.

ಶಾಲಾಸ್ಪರ್ಧೆಗಳ ನಿಜವಾದ ನಷ್ಟ ಇಲ್ಲಿಯೇ ಇದೆ. ಯಾವುದು ಆಯ್ಕೆಯಾಗುತ್ತದೆಂಬ ಊಹೆ ಕ್ರಮೇಣ ಯಾವುದನ್ನು ಕಲಿಸಬೇಕೆಂಬ ನಿಯಮವಾಗುತ್ತದೆ. ಕೆಲವೇ ನಿಮಿಷಗಳಲ್ಲಿ ಮುಗಿಯಬೇಕು, ಏರುದನಿ ಇರಬೇಕು, ತೀರ್ಪುಗಾರರಿಗೆ ಮೊದಲೇ ಪರಿಚಿತವಾಗಿರಬೇಕು, ಕಳೆದ ವರ್ಷ ಗೆದ್ದ ಹಾಡಿನಂತಿರಬೇಕು. ಹೀಗೆ ಸೋಸಿ ಸೋಸಿ ಬೆರಳೆಣಿಕೆಯ ಹಾಡುಗಳು ಊರೂರು ತಿರುಗುತ್ತವೆ. ಜಾನಪದಗೀತೆಯ ಹೆಸರಿನಲ್ಲಿ ಮಕ್ಕಳು ಹಾಡುವುದು ಬಹಳ ಸಲ ಧ್ವನಿಮುದ್ರಿಕೆಯಲ್ಲಿ ವಾದ್ಯಗಳೊಡನೆ ಕೇಳಿ ಕಲಿತ ಹಾಡನ್ನು. ಕುಣಿಗಲ್ ಕೆರೆಯನ್ನು ಕುರಿತ ಪ್ರಸಿದ್ಧ ಜನಪದ ಗೀತೆಗೇ ಈ ಗತಿ. ಆ ಕೆರೆಯ ಏರಿಯ ಮೇಲೆ ನಿತ್ಯ ಓಡಾಡುವ ಮಗುವೂ ಅದನ್ನು ಬೆಂಗಳೂರಿನ ಗಾಯಕರ ಧಾಟಿಯಲ್ಲಿಯೇ ಹಾಡುತ್ತದೆ, ಏಕೆಂದರೆ ತೀರ್ಪುಗಾರರ ಕಿವಿಗೆ ಪರಿಚಯವಿರುವುದು ಆ ಧಾಟಿ. ತನ್ನ ಅಜ್ಜಿಯ ಧಾಟಿಯಲ್ಲಿ ಹಾಡಿದರೆ ಶ್ರುತಿ ತಪ್ಪಿತೆಂದು ಅಂಕ ಕಳೆದಾರೆಂಬ ಭಯ.

ಸಾಂಗತ್ಯವಂತೂ ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಅದು ನಿಧಾನವಾಗಿ ಬಿಚ್ಚಿಕೊಳ್ಳುವ ಧಾಟಿ, ಕೆಲವು ನಿಮಿಷಗಳಲ್ಲಿ ಚಪ್ಪಾಳೆ ಗಿಟ್ಟಿಸುವುದಲ್ಲ. ಗಮಕಿಗಳು ವ್ಯಾಸಪೀಠಕ್ಕೆ ತಂದ ಕುಮಾರವ್ಯಾಸನ ಷಟ್ಪದಿಗಾದರೂ ಕೇಳುಗರಿದ್ದಾರೆ. ಬೊಮ್ಮರಸನ ಜೀವಂಧರ ಸಾಂಗತ್ಯವನ್ನು ಧಾಟಿಸಹಿತ ಹಾಡಬಲ್ಲವರನ್ನು ಹುಡುಕಹೊರಟರೆ ಸಂಶೋಧಕನೇ ದಣಿಯಬೇಕು. ವಿಪರ್ಯಾಸವೆಂದರೆ ಸಂಗೀತ ಸ್ಪರ್ಧೆಯ ಇಷ್ಟು ಸೊಗಸಾದ ಪ್ರಸಂಗವುಳ್ಳ ಕಾವ್ಯ ಸಂಗೀತ ಸ್ಪರ್ಧೆಯಲ್ಲಿ ಕೇಳಿಬರುವ ಸಂಭವವೇ ಇಲ್ಲ.

ಹೀಗೆ ಕಳೆದುಕೊಳ್ಳುವುದು ಕನ್ನಡಕ್ಕೆ ಹೊಸತಲ್ಲ. ಕವಿರಾಜಮಾರ್ಗವೇ ಹೆಸರಿಸುವ ಚತ್ತಾಣ, ಬೆದಂಡೆಗಳು ಹಾಡುಗಬ್ಬಗಳೆಂದು ವಿದ್ವಾಂಸರು ಊಹಿಸುತ್ತಾರೆ; ಆ ರೂಪದ ಪ್ರಾಚೀನ ಕೃತಿಯೊಂದೂ ಉಳಿದಿಲ್ಲ. ಆಸ್ಥಾನದ ಅಭಿರುಚಿ ಚಂಪುವಿನ ಕಡೆಗೆ ವಾಲಿತು. ಕವಿಚಕ್ರವರ್ತಿ ಬಿರುದುಗಳು ಪೊನ್ನ, ರನ್ನ, ಜನ್ನರಿಗೆ ಸಂದವು. ಅವರು ಆ ಬಿರುದಿಗೆ ಅರ್ಹರೇ, ಸಂದೇಹವಿಲ್ಲ. ಆದರೆ ಬಿರುದಿನ ದಾರಿ ಚಂಪುವಿನದೆಂದು ತಿಳಿದ ಮೇಲೆ ಬೆದಂಡೆ ಬರೆಯುವವನು ಯಾರು?

ಇದಕ್ಕೆ ಪರಿಹಾರ ಸ್ಪರ್ಧೆಗಳನ್ನು ನಿಲ್ಲಿಸುವುದಲ್ಲ. ಹಳ್ಳಿಯ ಶಾಲೆಯ ಮಗುವಿಗೆ ವೇದಿಕೆ ಸಿಗುವುದೇ ಅಲ್ಲಿ. ಮಾಡಬಹುದಾದ ಕೆಲಸಗಳು ಸಣ್ಣವು, ಖರ್ಚಿಲ್ಲದವು. ತೀರ್ಪುಗಾರರು ಅಂಕದ ಜೊತೆಗೆ ಎರಡು ಸಾಲಿನ ಕಾರಣವನ್ನು ಬರೆದು ಓದಬೇಕು. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರು 'ಎದೆ ತುಂಬಿ ಹಾಡುವೆನು' ಕಾರ್ಯಕ್ರಮದಲ್ಲಿ ಮಾಡುತ್ತಿದ್ದುದು ಇದನ್ನೇ: ಎಲ್ಲಿ ಉಸಿರು ತಪ್ಪಿತು, ಯಾವ ಅಕ್ಷರ ಸವೆಯಿತು ಎಂದು ಮಗುವಿಗೆ ತಿಳಿಯುವಂತೆ ಹೇಳುತ್ತಿದ್ದರು. ಸೋತ ಮಗುವೂ ಏನನ್ನಾದರೂ ಒಯ್ಯುತ್ತಿತ್ತು. ಚೀಟಿಯ ದೋಷಕ್ಕೆ, ಮೊದಲ ಮೂವರು ಹಾಡುಗಾರರನ್ನು ಕೊನೆಯಲ್ಲಿ ಮತ್ತೊಮ್ಮೆ ಕರೆದು ಕೇಳಿಸಿಕೊಂಡರಾಯಿತು. ಗುಬ್ಬಿಯ ಒನ್ಸ್ ಮೋರ್‌ಗೆ ಇದಕ್ಕಿಂತ ಒಳ್ಳೆಯ ಉಪಯೋಗ ಬೇರೆಯಿಲ್ಲ. ಜಾನಪದಗೀತೆಯಲ್ಲಿ ಮಗು ತನ್ನ ಊರಿನಲ್ಲಿ ಯಾರಿಂದ ಹಾಡನ್ನು ಕಲಿತಿತೆಂದು ಮೊದಲು ಹೇಳಿ ಹಾಡಬೇಕೆಂಬ ನಿಯಮವಿಟ್ಟರೆ, ಶಿಕ್ಷಕರು ಧ್ವನಿಮುದ್ರಿಕೆಗಳ ಬದಲು ಅಜ್ಜಿಯರನ್ನು ಹುಡುಕಿಕೊಂಡು ಹೋಗುತ್ತಾರೆ. ತುಮಕೂರು ವಿಶ್ವವಿದ್ಯಾನಿಲಯದ ಕನ್ನಡ ಸಂಶೋಧನಾರ್ಥಿಗಳಿಗೆ ಅದೇ ಒಂದು ಕ್ಷೇತ್ರಕಾರ್ಯದ ಪಟ್ಟಿಯಾದೀತು.

ಗಂಗ ಅರಸ ಸೈಗೊಟ್ಟ ಶಿವಮಾರನು 8ನೆಯ ಶತಮಾನದಲ್ಲಿ ಗಜಾಷ್ಟಕವೆಂಬ ಕೃತಿಯನ್ನು ರಚಿಸಿದನೆಂದು ಹೊಂಬುಜದ ಶಾಸನ ಹೇಳುತ್ತದೆ. ವಿಷಯ ಆನೆಗಳನ್ನು ಕುರಿತದ್ದು, ಕವಿ ಅರಸ. ಕುಣಿಗಲ್ ಸೀಮೆಯೂ ಆಗ ಅವನ ವಂಶದ ಆಳ್ವಿಕೆಗೆ ಸೇರಿದ ನಾಡೇ. ಅಂತಹ ಕೃತಿಗೆ ಮುಂದೆ ಏನಾಗುವುದೆಂದು ಆಸ್ಥಾನದಲ್ಲಿ ಯಾರನ್ನು ಕೇಳಿದ್ದರೂ ಪಂಡಿತರ ವ್ಯಾಖ್ಯಾನ, ಗಜಶಾಸ್ತ್ರಜ್ಞರ ಮನ್ನಣೆ ಎಂದು ಹೇಳುತ್ತಿದ್ದರು. ಆ ಶಾಸನ ಹೇಳುವುದು ಬೇರೆ: ಅದು ಓವನಿಗೆಯಾಯಿತು, ಒನಕೆವಾಡಾಯಿತು. ಭತ್ತ ಕುಟ್ಟುವ ಹೆಂಗಸರು ಅದನ್ನು ಆಯ್ದುಕೊಂಡಿದ್ದರು.